ಟಿನ್ನಿನ ಮ್ಯಾಲ ಮೀನು, ಒಳಗ ವ್ಯಾಕರಣ

ನಮ್ಮ ಅಕ್ಕನ ಮಗ ಬೆಂಗಳೂರಿಂದ ವರ್ಕ್ ಫ್ರಮ್ ಹೋಮ್ ಅಂತ ರಾಯಚೂರಿಗೆ ಬರೋವಾಗ ಲ್ಯಾಪ್‌ಟಾಪ್ ಜೊತಿ ಒಂದು ಪರ್ಷಿಯನ್ ಬೆಕ್ಕೂ ತಂದಾನ. ಕಂಬಳಿ ಹೊದ್ದಂಗ ಕೂದಲಿರೋ ಪ್ರಾಣೀನ ಈ ಬಿಸಿಲಿಗೆ ಯಾಕ ತಂದಿಯೋ ಅಂದ್ರ "ಅದಕ್ಕ ಎಸಿ ಹಾಕ್ಸೀನಲ್ಲ ಮಾವಾ" ಅಂದ. (ನನಗ ಇನ್ನೂ ಕೂಲರ್ರೇ.) ಇರ್ಲಿ, ವಿಷಯ ಎಸಿ ಅಲ್ಲ, ಬೆಕ್ಕಿನ ಊಟದ ಟಿನ್.

ಈ ಹುಡುಗ ಸಂಜಿಕ ತೀನ್ ಕಂದೀಲ್ ಕಡಿ ನಿಂತು ವಗ್ಗರಣಿ ಮಿರ್ಚಿ ತಿಂತಾನ, ಎಣ್ಣಿ ಎಂದಿಂದು ಅಂತ ಒಂದ್ ಮಾತು ಕೇಳಂಗಿಲ್ಲ, ಪೇಪರ್‌ನ್ಯಾಗಿನ ಟೆಂಡರ್ ಪ್ರಕಟಣೆ ಮಿರ್ಚಿ ಮ್ಯಾಲ ಅಚ್ಚಾಗಿರ್ತದ ಅದನ್ನೂ ಸೇರಿಸಿ ತಿಂತಾನ, ಅದೇ ಮನಷ್ಯಾ ಮನಿಗೆ ಬಂದು ಬೆಕ್ಕಿನ 85 ಗ್ರಾಂ ಡಬ್ಬಿ ಹಿಡ್ಕೊಂಡು ಹೊಲ ತಗೊಳೋರು ಪಹಣಿ ನೋಡಿದಂಗ ತಿರುಗಿಸಿ ಮುರುಗಿಸಿ ನೋಡ್ತಾನ. ಅಂಗಡಿಯಂವ ಹೇಳ್ಯಾನಂತ, ಇದು ಪ್ರೀಮಿಯಂ, ಇದು ಸೂಪರ್ ಪ್ರೀಮಿಯಂ, ಇದು ಆಫ್ಕೋ ಅಪ್ರೂವ್ಡ್ ಸರ್ರಾ.

ಆಫ್ಕೋ ಅಂದ್ರ ಅಮೆರಿಕದಾಗ ಪಶು ಆಹಾರದ ನಿಯಮ ಬರಿಯೋ ಸಂಘ. ಅದು ಯಾವ ಡಬ್ಬೀನೂ ಟೆಸ್ಟ್ ಮಾಡಂಗಿಲ್ಲ, ಯಾವುದಕ್ಕೂ ಅಪ್ರೂವಲ್ ಕೊಡಂಗಿಲ್ಲ, ಹಂಗಂತ ತಾನೇ ಹೇಳ್ಕೊಂಡದ. ಪ್ರೀಮಿಯಂ ಅನ್ನೋ ಪದಕ್ಕ ಆ ನಿಯಮದಾಗ ಅರ್ಥಾನೇ ಇಲ್ಲ. ನಮ್ಮಲ್ಲಿ ಕೆಲವ್ರು "ಡಿಸಿ ಸಾಹೇಬ್ರು ನಮಗ ಭಾಳ ಬೇಕಾದೋರು" ಅಂತಿರ್ತಾರಲ್ಲ, ಡಿಸಿಗೆ ಗೊತ್ತೇ ಇರಂಗಿಲ್ಲ, ಆ ಥರಾ ಅಪ್ರೂವಲ್ ಇದು.

ಖರೆ ಮಜಾ ಅಂದ್ರ ಹೆಸರಿನ ವ್ಯಾಕರಣ ನೋಡ್ರಿ. ಅದೇ ಅಮೆರಿಕದ ನಿಯಮದಾಗ ಡಬ್ಬಿ ಮ್ಯಾಲ ಬರೇ "ಟ್ಯೂನಾ" ಅಂತಿದ್ರ ನೀರು ಬಿಟ್ಟು 95 ಪರ್ಸೆಂಟ್ ಟ್ಯೂನಾ ಇರಬೇಕು. "ಟ್ಯೂನಾ ಡಿನ್ನರ್" ಅಂದ್ರ 25 ಇದ್ರ ಸಾಕು. "ವಿತ್ ಟ್ಯೂನಾ" ಅಂದ್ರ ಬರೇ 3. "ಟ್ಯೂನಾ ಫ್ಲೇವರ್" ಅಂದ್ರ ಪರ್ಸೆಂಟೇ ಇಲ್ಲ, ರುಚಿ ಗೊತ್ತಾದ್ರ ಆಯ್ತು. ಮದುವಿ ಕಾರ್ಡಿನ್ಯಾಗ "ಮಾನ್ಯ ಶಾಸಕರ ಉಪಸ್ಥಿತಿ" ಅಂತ ಹಾಕಿರ್ತಾರಲ್ಲ, ಅವ್ರು ಬಂದು ಎರಡು ಅಕ್ಕಿಕಾಳು ಒಗೆದು ಫೋಟೋ ಹಿಡಿಸ್ಕೊಂಡು ಊಟಕ್ಕೂ ಕೂಡದೆ ಹೋಗ್ತಾರಲ್ಲ, ಅದು "ವಿತ್". ಶಾಸಕರು ಬರದೆ ಬಾಗಿಲಾಗ ಅವ್ರ ಫ್ಲೆಕ್ಸ್ ಅಷ್ಟೇ ನಿಂತಿದ್ರ ಅದು ಫ್ಲೇವರ್. ಚಿತ್ರ ಮಾತ್ರ ನಾಲ್ಕೂ ಡಬ್ಬಿ ಮ್ಯಾಲ ಒಂದೇ ಮೀನಿಂದು, ಅದೂ ಕೊತ್ತಂಬ್ರಿ ಇಟ್ಟು ತಗ್ದಿದ್ದು, ಯಾವ ಬೆಕ್ಕು ಕೊತ್ತಂಬ್ರಿ ಕೇಳಿತ್ತೋ.

ಇನ್ನ ನೀರು. ಡಬ್ಬಿಯಾಗ 78 ಪರ್ಸೆಂಟ್ ತೇವಾಂಶ ಅಂತ ಬರ್ದದ. ಈ ಕಡಿ ಕೃಷ್ಣಾ ಆ ಕಡಿ ತುಂಗಭದ್ರಾ ಇಟ್ಕೊಂಡು ಕುಡಿಯಾಕ ಇಪ್ಪತ್ತು ಲೀಟರ್ ಕ್ಯಾನ್ ತರ್ಸೋ ಊರಿದು, ಈಗ ಬೆಕ್ಕಿನ ನೀರೂ ಕ್ಯಾನಿನ್ಯಾಗೇ ಬರ್ಲಿಕ್ಕತ್ತದ. ಹಂಗಂತ ನೀರು ಮೋಸ ಅಲ್ರಿ, ಬೆಕ್ಕು ತಾನಾಗಿ ನೀರು ಕುಡಿಯೋದು ಕಡಿಮಿ, ಅದಕ್ಕದು ಒಳ್ಳೇದೇ. ಲೆಕ್ಕ ತಪ್ಪೋದು ನಮ್ಮ ಹುಡುಗಂದು. ಟಿನ್ನಿನ್ಯಾಗ ಪ್ರೋಟೀನ್ 10, ಬೆಕ್ಕಿನ ಒಣ ಊಟದ ಪ್ಯಾಕೆಟ್‌ನ್ಯಾಗ 30, ಅದಕ್ಕ ಟಿನ್ ಲೋಕಲ್ ಮಾಲು ಅಂದ. ನೀರು ತಗ್ದು ನೋಡೋ, 22ರಾಗ 10 ಅಂದ್ರ 45 ಪರ್ಸೆಂಟ್ ಬರ್ತದ, ಪ್ಯಾಕೆಟ್‌ನ್ಯಾಗ ನೀರು 10 ಅಷ್ಟೇ, 90ರಾಗ 30, ಅಂದ್ರ 33 ಅಷ್ಟೇ ಅಂತ ತಿಳಿಸಿ ಹೇಳ್ದೆ. ಸಾಫ್ಟ್‌ವೇರ್ ಇಂಜಿನಿಯರ್ ರೀ, ಕ್ಯಾಲ್ಕುಲೇಟರ್ ತಗ್ದ.

ಕೊನಿಗೆ ಅವನ ಬ್ರಹ್ಮಾಸ್ತ್ರ: "ಮಾವಾ, ಫಾರಿನ್ ಬ್ರ್ಯಾಂಡ್, ನಂಬಬೌದು." 2007ರಾಗ ಅಲ್ಲಿಯೋರೂ ಹಂಗೇ ನಂಬಿದ್ರಪಾ ಅಂದೆ. ಮೆನು ಫುಡ್ಸ್ ಅಂತ ಕೆನಡಾದ ಒಂದೇ ಕಂಪನಿ ಹತ್ತಾರು ಬ್ರ್ಯಾಂಡಿಗೆ ಡಬ್ಬಿ ತುಂಬಿ ಕೊಡ್ತಿತ್ತು, ಅಗ್ಗದ್ದೂ ತುಟ್ಟೀದೂ ಎಲ್ಲಾ, ಆ ಮಾರ್ಚಿನ್ಯಾಗ 6 ಕೋಟಿಗೂ ಜಾಸ್ತಿ ಡಬ್ಬಿ ಪಾಕೀಟು ವಾಪಸ್ ಕರಿಸ್ಕೊಂಡ್ರು, ಕಿಡ್ನಿ ಕೆಟ್ಟು ಬೆಕ್ಕು ನಾಯಿ ಸತ್ತಿದ್ವು. ಯಾಕಂದ್ರ ಚೀನಾದಿಂದ ಬಂದ ಗೋಧಿ ಗ್ಲುಟೆನ್‌ನ್ಯಾಗ (ಅಂದ್ರ ಗೋಧಿಯೊಳಗಿನ ಪ್ರೋಟೀನ್) ಮೆಲಮೈನ್ ಬೆರ್ಸಿದ್ರು. ಲ್ಯಾಬಿನೋರು ಪ್ರೋಟೀನನ್ನೇ ಅಳಿಯಂಗಿಲ್ಲ, ನೈಟ್ರೋಜನ್ ಅಳದು 6.25ರಿಂದ ಗುಣಿಸ್ತಾರ, ಮೆಲಮೈನಿನ್ಯಾಗ ನೈಟ್ರೋಜನ್ ಭರ್ತಿ, ಅದಕ್ಕ ಲೆಕ್ಕದಾಗ ಪ್ರೋಟೀನ್ ಜಾಸ್ತಿ ಕಾಣ್ತದ. ನಮಗ ಮೆಲಮೈನ್ ಅಂದ್ರ ಟಿಫನ್ ಸೆಂಟರಿನ ತಟ್ಟಿ, ಆ ಬೆಕ್ಕುಗಳಿಗೆ ತಟ್ಟೀನೂ ಊಟಾನೂ ಅದೇ ಆಯ್ತು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮ್ಯಾಲ ಪದಾರ್ಥದ ಪಟ್ಟಿ ಓದೇ ಬಿಡೋಣ ಅಂದ. ಆದ್ರ ಸರಿಯಾಗಿ ಆ ಪಟ್ಟಿ ಮ್ಯಾಲೇ ಇಂಪೋರ್ಟ್ ಮಾಡಿದೋರ ಸ್ಟಿಕ್ಕರ್ ಅಂಟಿಸ್ಯಾರ, ಅದರಾಗ ಎಂಆರ್‌ಪಿ ಮಾತ್ರ ದಪ್ಪಗ ಕಾಣ್ತದ. ಬಿಸಿನೀರಾಗ ನೆನಸಿ, ಉಗುರಿಲೆ ಕೆರದು, ಅರ್ಧ ತಾಸು ಆಯ್ತು. ಸ್ಟಿಕ್ಕರ್ ಬಿಚ್ಚಿತು. ಕೆಳಗ ಎಲ್ಲಾ ಥಾಯ್ ಲಿಪಿ.

ನಮ್ಮವ್ವ ಚಸ್ಮಾ ಏರಿಸಿ ನೋಡಿದಳು. "ದುಂಡ ದುಂಡ ಅಕ್ಷರ ಅದಾವಲ್ಲೋ, ತೆಲುಗು ಇರಬೇಕು. ಬಾಜೂ ಮನಿ ರೆಡ್ಡಿಯೋರಿಗೆ ಕೊಟ್ಟು ಓದಿಸ್ಕೊಂಡು ಬಾ ಹೋಗು."

ಹೋಗ್ಯಾನ, ಇನ್ನೂ ಬಂದಿಲ್ಲ.