ಫೋಟೊ ಸಿಗಲಿಲ್ಲ ಅಂದ್ರೆ ಬಚ್ಚಿಟ್ಟಿದ್ದಾರೆ ಅಂತಾನಾ?

ಪರ: ಹೌದು, ಬಚ್ಚಿಡುತ್ತಾರೆ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಡಿಟಿಪಿ ಅಂಗಡಿಯಲ್ಲಿ ಕೂತಿದ್ದೆ. ನಿಜಾಮನ ಆಳ್ವಿಕೆಯಿಂದ ನಮ್ಮ ಭಾಗ ಬಿಡುಗಡೆಯಾದ ದಿನ, ಸೆಪ್ಟೆಂಬರ್ 17, ಹತ್ತಿರ ಬಂದಿತ್ತು, ಫ್ಲೆಕ್ಸ್ ಮಾಡಿಸಬೇಕಿತ್ತು. ಬೀದರ್ ಜಿಲ್ಲೆಯ ಗೋರಟಾದಲ್ಲಿ 1948ರಲ್ಲಿ ನಿಜಾಮನ ಪರದ ಖಾಸಗಿ ಪಡೆಯಾದ ರಜಾಕಾರರು ಜನರನ್ನು ಕೊಂದರಲ್ಲ, ಆ ಕಾಲದ ಒಂದು ಫೋಟೊ ಆದರೂ ಸಿಗಲಿ ಅಂತ ನೆಟ್ಟಿನಲ್ಲಿ ಹುಡುಕಿದರೆ ಬಂದದ್ದೆಲ್ಲ ಹೊಸ ಸ್ಮಾರಕ, ಎತ್ತರದ ಧ್ವಜ, ಹಾರ ಹಾಕಿಕೊಂಡ ನಾಯಕರು. "ಬೇಕಂತನೇ ಮುಚ್ಚಿಟ್ಟಾರ್ರಿ ಸರ" ಅಂದ ಅಂಗಡಿ ಹುಡುಗ. ನಾನೂ ತಲೆಯಾಡಿಸಿದೆ.

ಅನುಮಾನ ಸುಮ್ನೆ ಬಂದದ್ದಲ್ಲ. 2021ರ ಜೂನ್ 4ರಂದು ಮೈಕ್ರೋಸಾಫ್ಟ್‌ನ ಸರ್ಚ್ ಇಂಜಿನ್ ಬಿಂಗ್‌ನಲ್ಲಿ 'ಟ್ಯಾಂಕ್ ಮ್ಯಾನ್' ಅಂತ ಹುಡುಕಿದವರಿಗೆ ಒಂದು ಚಿತ್ರವೂ ಬರಲಿಲ್ಲ. 1989ರಲ್ಲಿ ಬೀಜಿಂಗ್‌ನಲ್ಲಿ ಸೈನ್ಯದ ಟ್ಯಾಂಕುಗಳ ಮುಂದೆ ಒಬ್ಬನೇ ನಿಂತವನ ಫೋಟೊ ಅದು. ಟಿಯಾನನ್ಮೆನ್ ಹತ್ಯಾಕಾಂಡದ ನೆನಪಿನ ದಿನವೇ ಅದು ಕಾಣೆ, ಅದೂ ಚೀನಾದಲ್ಲಷ್ಟೇ ಅಲ್ಲ, ಅಮೆರಿಕದಲ್ಲೂ. ಯಾರದೋ ಕೈತಪ್ಪು ಅಂತು ಮೈಕ್ರೋಸಾಫ್ಟ್. ಸರಿಯಾಗಿ ಅದೇ ದಿನ, ಅದೇ ಫೋಟೊಗೇ ಕೈ ತಪ್ಪಿತು ಅಂದರೆ ನಂಬೋದು ಹೇಗೆ? ಗೂಗಲ್ ಕೂಡ ಸಾಚಾ ಏನಲ್ಲ. 2006ರಲ್ಲಿ ಚೀನಾ ಸರ್ಕಾರಕ್ಕೆ ಬೇಡವಾದದ್ದನ್ನು ಸೋಸಿಯೇ ಅಲ್ಲಿ ಅಂಗಡಿ ತೆರೆದಿತ್ತು, 2010ರವರೆಗೂ ನಡೆಸಿತ್ತು.

ನಮ್ಮದೇ ಉದಾಹರಣೆ ಬೇಕಾ? ಬಿಂಗ್ ಎಡವಿದ್ದಕ್ಕೆ ಒಂದು ದಿನ ಮೊದಲು, ಜೂನ್ 3ರಂದು, ಭಾರತದ ಅತಿ ಕೊಳಕು ಭಾಷೆ ಯಾವುದು ಅಂದರೆ ಗೂಗಲ್ ಕನ್ನಡ ಅಂತ ತೋರಿಸುತ್ತಿತ್ತು. ನಾವೆಲ್ಲ ಕೂಗಾಡಿದೆವು, ಅದು ಕ್ಷಮೆ ಕೇಳಿ ಉತ್ತರ ತೆಗೆದುಹಾಕಿತು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಮನಸ್ಸು ಮಾಡಿದರೆ ಎಷ್ಟು ಬೇಗ ಅಳಿಸಬಹುದು ಅನ್ನೋದೂ ಅವತ್ತೇ ಗೊತ್ತಾಯಿತು. ಇನ್ನು ನೆಟ್ಟಿನಲ್ಲಿರೋದನ್ನು ಸರ್ಕಾರ ಬ್ಲಾಕ್ ಮಾಡಿಸುವ ಐಟಿ ಕಾಯ್ದೆಯ 69ಎ ಕಲಮಿನ ಆದೇಶಗಳನ್ನು ಗುಟ್ಟಾಗಿಡಬೇಕು ಅಂತ 2009ರ ನಿಯಮವೇ ಹೇಳುತ್ತದೆ. ಯಾವುದು ಹೋಯಿತು, ಯಾಕೆ ಹೋಯಿತು ಅಂತ ನಾವು ಯಾರನ್ನು ಕೇಳಬೇಕು?

ವಿರೋಧ: ಮೊದಲು ಫೋಟೊ ಇರಬೇಕಲ್ಲ

ಅದೇ ಅಂಗಡಿಗೆ ಮರುದಿನ ಮತ್ತೆ ಹೋದೆ. ಸೆಟ್ಟಿಂಗ್ ತೆಗೆದು ನೋಡಿದರೆ ಸೇಫ್‌ಸರ್ಚ್ ಹಾಕಿತ್ತು. ಶಾಲೆ ಮಕ್ಕಳು ಪ್ರಾಜೆಕ್ಟ್ ಪ್ರಿಂಟ್‌ಗೆ ಬರ್ತಾರೆ ಅಂತ ಮಾಲೀಕರೇ ಹಾಕಿಸಿದ್ದರಂತೆ. ಅಶ್ಲೀಲ ಚಿತ್ರಗಳ ಜೊತೆಗೆ ರಕ್ತ, ಹೆಣದ ಚಿತ್ರಗಳನ್ನೂ ತಡೆಯುವುದು ಅದರ ಕೆಲಸ. ಅದನ್ನೂ ತೆಗೆದೆವು. ಗೋರಟಾದ ಹಳೇ ಫೋಟೊ ಆಗಲೂ ಬರಲಿಲ್ಲ!

ಬರೋದು ಹೇಗೆ? 1948ರಲ್ಲಿ ಆ ಕಡೆಯ ಹಳ್ಳಿಗಳಲ್ಲಿ ಎಷ್ಟು ಜನರ ಹತ್ತಿರ ಕ್ಯಾಮೆರಾ ಇತ್ತು? ಇದ್ದ ಫೋಟೊ ಟ್ರಂಕಿನಲ್ಲೇ ಉಳಿದರೆ ಯಾವ ಸರ್ಚ್ ಇಂಜಿನ್ ಹುಡುಕುತ್ತದೆ? ನೆಟ್ಟಿಗೆ ಹಾಕಿದರೂ ಸಾಲದು. ಫೋಟೊ ಯಾವುದರದ್ದು ಅಂತ ತಿಳಿಯಲು ಅದು ಹೆಚ್ಚಾಗಿ ನೋಡೋದು ಫೈಲ್ ಹೆಸರು, ಕೆಳಗಿನ ಬರಹ, ಸುತ್ತಲಿನ ಸಾಲುಗಳನ್ನು. 'ಸ್ಕ್ಯಾನ್ 0012' ಅಂತ ಹೆಸರಿಟ್ಟು ಸುಮ್ಮನಾದರೆ ಅದಕ್ಕೆ ಗೋರಟಾ ಅಂತ ಹೇಗೆ ಗೊತ್ತಾಗಬೇಕು? ಜೊತೆಗೆ ನಮ್ಮ ಊರಿಗೆ 2014ರವರೆಗೆ ಗುಲ್ಬರ್ಗಾ ಅಂತಲೇ ಹೆಸರು. ಕಲಬುರಗಿ ಅಂತ ಹುಡುಕಿದವನಿಗೆ ಹಳೆಯದು ಎಷ್ಟೋ ತಪ್ಪಿಹೋಗುತ್ತದೆ.

ಬಿಂಗ್ ವಿಷಯಕ್ಕೆ ಬರೋಣ. ಅದು ಖಾಲಿ ಇದ್ದಾಗಲೇ ಗೂಗಲ್‌ನಲ್ಲಿ ಟ್ಯಾಂಕ್ ಮ್ಯಾನ್ ಕಾಣುತ್ತಿದ್ದ. ಬಿಂಗ್‌ನಿಂದಲೇ ಚಿತ್ರ ತರಿಸಿಕೊಳ್ಳುವ ಡಕ್‌ಡಕ್‌ಗೋ ಅನ್ನೋ ಇನ್ನೊಂದು ಸರ್ಚ್ ಇಂಜಿನ್ ಮಾತ್ರ ಅದರ ಜೊತೆಗೇ ಖಾಲಿಯಾಗಿತ್ತು. ಎಲ್ಲರೂ ಸೇರಿ ಮಾಡಿದ ಸಂಚು ಅಂತ ಇದರಿಂದ ಹೇಳಲು ಆಗಲ್ಲ. ಮೈಕ್ರೋಸಾಫ್ಟ್ ಹೇಳಿದ ಕಾರಣವನ್ನು ನಾನೂ ಪೂರ್ತಿ ನಂಬಿಲ್ಲ, ಅದು ಬೇರೆ ಮಾತು.

ತೆಗೆಯಲೇಬೇಕಾದ ಚಿತ್ರಗಳೂ ಇವೆ. ಒಪ್ಪಿಗೆ ಇಲ್ಲದೆ ಯಾರೋ ನೆಟ್ಟಿಗೆ ಹಾಕಿದ ಖಾಸಗಿ ನಗ್ನ ಫೋಟೊ ಹುಡುಕಾಟದಲ್ಲಿ ಬರದಂತೆ ಮಾಡಿ ಅಂತ 2015ರಿಂದ ಗೂಗಲ್‌ಗೆ ಕೇಳಬಹುದು. ಅದನ್ನೂ ಸೆನ್ಸಾರ್ ಅಂತೀರಾ?

ಮುಚ್ಚಿಡೋದು ಅಂದರೆ ಏನು ಅಂತ ನಮ್ಮ ಭಾಗಕ್ಕೆ ಇಂಟರ್ನೆಟ್ಟಿಗೆ ಮುಂಚೆಯೇ ಗೊತ್ತು. ನಿಜಾಮನ ಸಂಸ್ಥಾನವನ್ನು ಭಾರತಕ್ಕೆ ಸೇರಿಸಲು ಸೈನ್ಯ ನಡೆಸಿದ ಪೊಲೀಸ್ ಕಾರ್ಯಾಚರಣೆಯ ನಂತರ ನಡೆದ ಕೊಲೆಗಳ ಬಗ್ಗೆ ಸರ್ಕಾರವೇ ಕಳಿಸಿದ್ದ ಸುಂದರಲಾಲ್ ಸಮಿತಿ ಇದೇ ಕಲಬುರಗಿ, ಬೀದರ್ ಕಡೆ ತಿರುಗಾಡಿ ವರದಿ ಕೊಟ್ಟಿತು. ಸರ್ಕಾರ ಅದನ್ನು ದಶಕಗಳ ಕಾಲ ಹೊರಗೆ ಬಿಡಲಿಲ್ಲ. ಆಗ ಯಾವ ಗೂಗಲ್ ಇತ್ತು?

ಫ್ಲೆಕ್ಸಿಗೆ ಕೊನೆಗೆ ಫೋಟೊ ಸಿಕ್ಕಿದ್ದು ಪರಿಚಯದ ಅಜ್ಜ ಒಬ್ಬರ ಮನೆ ಗೋಡೆಯಲ್ಲಿ. ರಜಾಕಾರರ ವಿರುದ್ಧ ಹೋರಾಡಿದ ಅವರ ಅಣ್ಣನದು. ಹುಡುಗ ಅದನ್ನು ಸ್ಕ್ಯಾನ್ ಮಾಡಿ, 'ಫೈನಲ್ ಫೈನಲ್ 2' ಅಂತ ಹೆಸರಿಟ್ಟು ಸೇವ್ ಮಾಡಿದ.