ಸಂಘ ಸೇರಿದರೆ ಮೊದಲು ಸಿಗುವುದು ಲೆಕ್ಕ

ಕಲಬುರಗಿ ಜಿಲ್ಲೆಯ ವಾಡಿ, ಸೇಡಂ, ಮಳಖೇಡ ಕಡೆ ಸಿಮೆಂಟ್ ಕಾರ್ಖಾನೆಗಳಲ್ಲಿ ಗುತ್ತಿಗೆ ಮೇಲೆ ದುಡಿಯುವ ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಇವತ್ತೇ ತಮ್ಮ ಪಿಎಫ್ (ಭವಿಷ್ಯ ನಿಧಿ) ಪಾಸ್‌ಬುಕ್ ತೆಗೆದು ನೋಡಿರಿ. ಪಿಎಫ್ ಲೆಕ್ಕಕ್ಕೆ ಹಿಡಿಯುವ ಪಗಾರ 15,000 ಇದ್ದರೆ ನಿಮ್ಮಿಂದ ಮುರಿಯಬೇಕಾದದ್ದು ಶೇ 12, ಅಂದರೆ 1,800 ರೂಪಾಯಿ. ಗುತ್ತೇದಾರನೂ ತನ್ನ ಕೈಯಿಂದ ಅಷ್ಟೇ ಹಾಕಬೇಕು. ಅದರಲ್ಲಿ 1,250 ಪಿಂಚಣಿಗೆ, 550 ಪಿಎಫ್‌ಗೆ ಹೋಗುತ್ತದೆ. ತಿಂಗಳಿಗೆ ಈ ಮೂರೂ ಅಂಕಿ ಕಾಣಬೇಕು.

ಕಾಣದಿದ್ದರೆ ಕಾರಣ ಹೆಚ್ಚಾಗಿ ಇವೇ. ಎರಡೂ ಪಾಲನ್ನು ಕಾರ್ಮಿಕನ ಪಗಾರದಲ್ಲೇ ಮುರಿದಿರುತ್ತಾರೆ, ಇಲ್ಲವೇ ಮುರಿದದ್ದನ್ನು ಕಟ್ಟಿಯೇ ಇರುವುದಿಲ್ಲ. ಇನ್ನೊಂದು ಮೋಸ ಬೇಗ ಕಣ್ಣಿಗೆ ಬೀಳುವುದಿಲ್ಲ: ಗುತ್ತೇದಾರ ಬದಲಾದಾಗಲೆಲ್ಲ ಹೊಸ ಯುಎಎನ್, ಅಂದರೆ ಒಬ್ಬರಿಗೆ ಒಂದೇ ಇರಬೇಕಾದ ಪಿಎಫ್ ಸಂಖ್ಯೆ, ತೆಗೆಸುವುದು. ಅದೇ ಗೇಟು, ಅದೇ ಕೆಲಸ, ಆದರೆ ಕಾಗದದ ಮೇಲೆ ನೀವು ಹೊಸಬರು. ಪಿಂಚಣಿಗೆ 10 ವರ್ಷದ ಸೇವೆ ಬೇಕು. ಹಳೆಯ ಖಾತೆಗಳನ್ನು ಒಂದಕ್ಕೊಂದು ಜೋಡಿಸದಿದ್ದರೆ ಇಪ್ಪತ್ತು ವರ್ಷ ದುಡಿದವನೂ ಪಿಂಚಣಿಗಾಗಿ ಅಲೆಯಬೇಕಾಗುತ್ತದೆ.

ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐ ಕಥೆಯೂ ಹೀಗೇ. ನಿಮ್ಮ ಪಾಲು ಶೇ 0.75, ಮಾಲೀಕರ ಪಾಲು ಶೇ 3.25. ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಬಿದ್ದಿರದಿದ್ದರೆ ಕಾಯಿಲೆ ರಜೆಯ ಹಣ ಸಿಗುವುದಿಲ್ಲ. ಕಲಬುರಗಿಯ ಸೇಡಂ ರಸ್ತೆಯಲ್ಲಿ ಅಷ್ಟು ದೊಡ್ಡ ಇಎಸ್‌ಐ ಆಸ್ಪತ್ರೆ ಇದ್ದೂ ಕಾರ್ಮಿಕ ಖಾಸಗಿ ದವಾಖಾನೆಗೆ ಸಾಲ ಮಾಡಿ ಹೋಗುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಇದನ್ನೆಲ್ಲ ಒಬ್ಬನೇ ಕೇಳಿದರೆ ಮರುದಿನ ಗೇಟ್ ಪಾಸ್ ಬಂದ್. ಸಂಘ ಕೇಳುವ ರೀತಿ ಬೇರೆ. ಎಂಬತ್ತು ಜನರ ಪಾಸ್‌ಬುಕ್ ಪಕ್ಕಪಕ್ಕ ಇಟ್ಟರೆ ಯಾವ ತಿಂಗಳಿಂದ ಹಣ ನಿಂತಿದೆ ಎಂದು ತಾನಾಗಿ ಗೊತ್ತಾಗುತ್ತದೆ. ಅರ್ಜಿ ಸಂಘದ ಲೆಟರ್‌ಹೆಡ್ ಮೇಲೆ, ಕಾರ್ಯದರ್ಶಿಯ ಸಹಿಯೊಂದಿಗೆ ಹೋಗುತ್ತದೆ. ಮೊದಲು ದೂರು ಹೇಳಿದವನ ಹೆಸರು ಬೇಕಾಗುವುದಿಲ್ಲ. ಗುತ್ತೇದಾರ ಪಗಾರ ಕೊಡದಿದ್ದರೆ ಕೊಡುವ ಹೊಣೆ ಮೂಲ ಕಂಪನಿಯದೇ. ಆದ್ದರಿಂದ ಪತ್ರದ ಪ್ರತಿ ಕಂಪನಿಗೂ ಹೋಗಲಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿರಿ.

'ಯೂನಿಯನ್ ಸೇರಿದ್ರ ಕೆಲಸ ಹೋಗ್ತದ' ಎನ್ನುವ ಅಂಜಿಕೆ ಸುಳ್ಳಲ್ಲ. ಸಂಘ ಸೇರಿದ ಕಾರಣಕ್ಕೆ ತೆಗೆದುಹಾಕುವುದು ಕಾನೂನಿನಲ್ಲಿ ಅನುಚಿತ ಕಾರ್ಮಿಕ ಪದ್ಧತಿ. ಆದರೂ ಹೊಸ ಸಂಘದ ನೋಂದಣಿಗೆ ಅರ್ಜಿ ಹಾಕಿ ಅದು ಕೈಸೇರುವವರೆಗಿನ ಕಾಲ ನಾಜೂಕಿನದು, ಒತ್ತಡ ಬರುವುದೇ ಆಗ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಅರ್ಜಿಗೆ ಏಳು ಜನರ ಸಹಿ ಸಾಕು. ಆದರೆ ಸದಸ್ಯರು ಒಟ್ಟು ಕಾರ್ಮಿಕರ ಶೇ 10 ಅಥವಾ 100, ಯಾವುದು ಕಡಿಮೆಯೋ ಅಷ್ಟಿರಬೇಕು. ಏಳಕ್ಕಿಂತ ಕಡಿಮೆ ಇರುವಂತಿಲ್ಲ. 400 ಜನ ಇದ್ದಲ್ಲಿ 40, ಮೂರು ಸಾವಿರ ಇದ್ದಲ್ಲೂ 100. ನನ್ನ ಮಾತು ಕೇಳುವುದಾದರೆ ಏಳಕ್ಕೇ ನಿಲ್ಲಬೇಡಿರಿ, ಇಪ್ಪತ್ತು ಇಪ್ಪತ್ತೈದು ಸಹಿ ಹಾಕಿಸಿರಿ. ನಾಲ್ಕು ಜನ ಹೆದರಿ ಹಿಂದೆ ಸರಿದರೂ ಅರ್ಜಿ ಬಿದ್ದುಹೋಗುವುದಿಲ್ಲ.

ತಕರಾರಿನ ಅರ್ಜಿ ತಪ್ಪು ಕಚೇರಿಗೆ ಹೋಗಿ ತಿಂಗಳುಗಟ್ಟಲೆ ಕೊಳೆಯುವುದೂ ಉಂಟು. ಸುಣ್ಣದಕಲ್ಲಿನ ಗಣಿಯಲ್ಲಿ ದುಡಿಯುವವರ ತಕರಾರು ಕೇಂದ್ರ ಕಾರ್ಮಿಕ ಇಲಾಖೆಗೆ, ದಾಲ್ ಮಿಲ್‌ನವರದು ರಾಜ್ಯ ಇಲಾಖೆಗೆ.

ಸಂಘ ಕೆಡುವುದು ಹೆಚ್ಚಾಗಿ ಒಳಗಿನಿಂದಲೇ. ರಸೀದಿ ಇಲ್ಲದೆ ವಂತಿಗೆ ಎತ್ತುತ್ತಾರೆ, ವಾರ್ಷಿಕ ಲೆಕ್ಕಪತ್ರ ಸಲ್ಲಿಸುವುದನ್ನು ಮರೆಯುತ್ತಾರೆ, ಕೊನೆಗೆ ನೋಂದಣಿಯೇ ರದ್ದಾಗುತ್ತದೆ. ಜಾತಿ, ಪಕ್ಷ ಅಂತ ಒಂದೇ ಕಾರ್ಖಾನೆಯಲ್ಲಿ ನಾಲ್ಕು ಸಂಘ ಮಾಡಿಕೊಂಡರಂತೂ ಮುಗಿಯಿತು: ಹಲವು ಸಂಘಗಳಿದ್ದಾಗ ಆಡಳಿತದೊಂದಿಗೆ ಒಂದೇ ಸಂಘ ಮಾತುಕತೆಗೆ ಕೂರಬೇಕೆಂದರೆ ಅದರ ಹಿಂದೆ ಶೇ 51 ಕಾರ್ಮಿಕರು ಇರಬೇಕು. ಶೇ 20ಕ್ಕಿಂತ ಕಡಿಮೆ ಇರುವ ಸಂಘಕ್ಕೆ ಮಾತುಕತೆಯ ಮಂಡಳಿಯಲ್ಲೂ ಜಾಗವಿಲ್ಲ.

ಕಲಬುರಗಿಯ ದಾಲ್ ಮಿಲ್‌ಗಳ ಲೆಕ್ಕ ಬೇರೆ. ಒಂದು ಮಿಲ್‌ನಲ್ಲಿ ಹತ್ತು ಹದಿನೈದು ಜನ ಇದ್ದರೆ ಅಲ್ಲಿ ಪಿಎಫ್ ಕಡ್ಡಾಯವೇ ಆಗುವುದಿಲ್ಲ, ಅದಕ್ಕೆ 20 ಜನ ಬೇಕು. ಇಎಸ್‌ಐಗೆ 10 ಸಾಕು. ಇಲ್ಲಿ ಮಿಲ್‌ಗೊಂದು ಸಂಘ ಕಟ್ಟಲು ಹೋಗಬೇಡಿರಿ. ಊರಿನ ಎಲ್ಲ ಮಿಲ್‌ಗಳ ಕೆಲಸಗಾರರೂ ಹಮಾಲರೂ ಸೇರಿ 100 ಸದಸ್ಯರ ಒಂದೇ ಸಂಘ ಮಾಡಿರಿ. ಚೀಲದ ಹಮಾಲಿ ದರ ಎಲ್ಲ ಮಿಲ್‌ಗೂ ಒಂದೇ ಇರಲಿ ಎಂಬುದನ್ನು ಮೊದಲ ಬೇಡಿಕೆಯಾಗಿ ಇಡಿರಿ. ದರ ಒಂದೇ ಆದರೆ ಪಕ್ಕದ ಮಿಲ್‌ನವರನ್ನು ಕಡಿಮೆ ಕೂಲಿಗೆ ಕರೆತರುತ್ತೇನೆ ಎಂದು ಯಾವ ಮಾಲೀಕರೂ ಹೆದರಿಸಲಾಗದು.