ಕ್ಯಾಲ್ಕುಲೇಟರ್ ಕಳೆದುಕೊಂಡವನ ಲೆಕ್ಕ

ಹೊಸ ಲ್ಯಾಪ್‌ಟಾಪನ್ನು ಮೊದಲ ಸಲ ತೆರೆದಾಗ, ಅದರಲ್ಲಿ ನನಗಿಂತ ಮುಂಚೆಯೇ ಹಲವರು ಬಿಡಾರ ಹೂಡಿದ್ದರು. ನಾನು ಕೇಳದ ಎರಡು ಆಟಗಳು, ಹೆಸರಿನಿಂದ ಕೆಲಸವನ್ನು ಊಹಿಸಲಾಗದ ನಾಲ್ಕು ‘ಅಸಿಸ್ಟೆಂಟ್’ಗಳು, 30 ದಿನ ಮಾತ್ರ ಕಾವಲು ಕಾಯುವ ಕರಾರಿನ ಮೇಲೆ ಬಂದ ಒಂದು ಆಂಟಿವೈರಸ್. ಈ ಆಂಟಿವೈರಸ್ ದಿನಕ್ಕೆ ನಾಲ್ಕು ಸಲ ಪರದೆಯ ಬಲಮೂಲೆಯಿಂದ ತಲೆ ಹಾಕಿ ‘ನೀವು ಅಪಾಯದಲ್ಲಿದ್ದೀರಿ’ ಎಂದು ಹೇಳಿ ಹೋಗುತ್ತಿತ್ತು. ದುಡ್ಡು ಕಟ್ಟಿದರೆ ಅಪಾಯವಿಲ್ಲ ಎಂಬುದು ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿರುತ್ತಿತ್ತು.

ಬ್ಲೋಟ್‌ವೇರ್ ಎನ್ನಿಸಿಕೊಳ್ಳುವ ಈ ಕರೆಯದ ನೆಂಟರು ಬರೀ ಜಾಗ ತಿನ್ನುವವರಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಆದರೆ 2015ರಲ್ಲಿ ಬಯಲಾದ ಸೂಪರ್‌ಫಿಶ್ ಹಗರಣವನ್ನು ನಾನು ಓದಿಕೊಂಡಿದ್ದೆ. ಲೆನೊವೊದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮೊದಲೇ ತುಂಬಿಸಿದ್ದ ಆ ತಂತ್ರಾಂಶವು ಜಾಹೀರಾತು ತೂರಿಸುವ ಸಲುವಾಗಿ ಜಾಲತಾಣ ಅಸಲಿಯೆಂದು ಬ್ರೌಸರಿಗೆ ಭರವಸೆ ಕೊಡುವ ತನ್ನದೇ ಪ್ರಮಾಣಪತ್ರವನ್ನು ಯಂತ್ರದೊಳಗೆ ನೆಟ್ಟು, ಸುರಕ್ಷಿತ ಸಂಪರ್ಕವನ್ನು ಸೂಚಿಸುವ ಬ್ರೌಸರಿನ ಬೀಗದ ಚಿಹ್ನೆಯ ಹಿಂದಕ್ಕೂ ಇಣುಕುತ್ತಿತ್ತು. ಎಲ್ಲ ಯಂತ್ರಗಳಿಗೂ ಆ ಪ್ರಮಾಣಪತ್ರದ ಗುಪ್ತ ಕೀಲಿ ಒಂದೇ ಆಗಿದ್ದುದರಿಂದ, ಅದು ಕೈಗೆ ಸಿಕ್ಕಿದ ಕಳ್ಳನಿಗೆ ಎಲ್ಲರ ಮನೆಯ ಬಾಗಿಲೂ ತೆರೆದಂತೆಯೇ ಇತ್ತು.

ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗಕ್ಕೆ ಹೋಗಿ ಜಾಹೀರಾತುದಾರರಿಗೆ ನನ್ನ ಗುರುತು ಹೇಳುವ ಜಾಹೀರಾತು ಐಡಿಯನ್ನೂ ಸ್ಥಳದ ಮಾಹಿತಿಯನ್ನೂ ಆಫ್ ಮಾಡಿದೆ. ಬೇಡದ ಆ್ಯಪ್‌ಗಳನ್ನೂ ಹೀಗೆಯೇ ಒಂದೊಂದಾಗಿ ಅನ್‌ಇನ್‌ಸ್ಟಾಲ್ ಮಾಡಿದ್ದರೆ ಹತ್ತು ನಿಮಿಷದ ಕೆಲಸ. ಆದರೆ ಹತ್ತು ನಿಮಿಷ ಉಳಿಸಲು ಎರಡು ದಿನ ಕಳೆಯುವುದು, ತಮಗೆ ಕಂಪ್ಯೂಟರ್ ಗೊತ್ತಿದೆ ಎಂದು ನಂಬಿದವರ ಹುಟ್ಟುಗುಣ. ಎಲ್ಲವನ್ನೂ ಒಂದೇ ಏಟಿಗೆ ಕಿತ್ತುಹಾಕುವ ಪವರ್‌ಶೆಲ್ ಸ್ಕ್ರಿಪ್ಟ್ (ವಿಂಡೋಸ್ ಓದಿ ನಡೆಸುವ ಆಜ್ಞೆಗಳ ಪಟ್ಟಿ) ಒಂದನ್ನು ಹುಡುಕಿ ತಂದೆ. ಅಪರಿಚಿತರು ನನ್ನ ಯಂತ್ರದೊಳಗೆ ಇಣುಕಬಾರದೆಂದು, ಹೆಸರೂ ಮುಖವೂ ತಿಳಿಯದ ಒಬ್ಬ ಅಪರಿಚಿತ ಬರೆದ ಇನ್ನೂರು ಸಾಲುಗಳಿಗೆ ಅಡ್ಮಿನಿಸ್ಟ್ರೇಟರ್ ಅಧಿಕಾರವನ್ನೇ ಧಾರೆಯೆರೆದು ಕೊಟ್ಟೆ. ‘ಮೊದಲು ರಿಸ್ಟೋರ್ ಪಾಯಿಂಟ್ ಮಾಡಿಟ್ಟುಕೊಳ್ಳಿ’ ಎಂದು ಆ ಪುಣ್ಯಾತ್ಮ ಆರಂಭದಲ್ಲೇ ಬರೆದಿದ್ದ. ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳುವ ದಾರಿಯದು; ಅಂಜುಬುರುಕರಿಗೆ ಹೇಳಿದ ಮಾತೆಂದು ಭಾವಿಸಿ ಎಂಟರ್ ಒತ್ತಿದೆ.

ನೀಲಿ ಪರದೆಯ ಮೇಲೆ ಸಾಲುಗಳು ಓಡಿ ನಿಂತವು. ಮುಂಚೆ 41.3 ಜಿಬಿ ಖಾಲಿಯಿದ್ದದ್ದು ಈಗ 42.1 ಆಗಿತ್ತು. ಇಷ್ಟು ಸಣ್ಣ ವ್ಯವಕಲನಕ್ಕೆ ಕ್ಯಾಲ್ಕುಲೇಟರ್ ಬೇಕಿರಲಿಲ್ಲ, ನಿಜ. ಆದರೆ ಉಳಿತಾಯದ ಸುದ್ದಿಯನ್ನು ಯಂತ್ರದ ಬಾಯಿಂದಲೇ ಕೇಳುವ ಆಸೆಯಿಂದ ಹುಡುಕಿದರೆ, ಕ್ಯಾಲ್ಕುಲೇಟರೇ ಇಲ್ಲ. ವಿಂಡೋಸ್ 10ರಿಂದೀಚೆಗೆ ಕ್ಯಾಲ್ಕುಲೇಟರ್ ಮತ್ತು ಫೋಟೋಸ್ ಕೂಡ ಆ ಆಟಗಳಂತೆಯೇ ಕಿತ್ತುಹಾಕಬಹುದಾದ ಆ್ಯಪ್‌ಗಳು. ಗುಬ್ಬಿಯ ಮೇಲೆ ಬಿಟ್ಟ ಬ್ರಹ್ಮಾಸ್ತ್ರಕ್ಕೆ ಈ ಭೇದ ತಿಳಿಯಲಿಲ್ಲ. ಸ್ಟೋರ್‌ನಿಂದ ಮರಳಿ ತರೋಣವೆಂದರೆ ಸ್ಟೋರ್ ಕೂಡ ಅದೇ ದಾಳಿಯಲ್ಲಿ ನೆಲಕಚ್ಚಿತ್ತು.

ಸಂಜೆ ಮಗಳು ಬಂದು, “ಅಪ್ಪಾ, ಫೋಟೋಗಳು ಯಾಕೆ ತೆರೀತಿಲ್ಲ?” ಎಂದು ಕೇಳಿದಳು. ನಮ್ಮ ಖಾಸಗಿ ಮಾಹಿತಿ ಬೇರೆಯವರ ಕಣ್ಣಿಗೆ ಬೀಳಬಾರದೆಂಬ ಕಾರಣಕ್ಕೆ ಕೆಲವು ಕ್ರಮ ಕೈಗೊಂಡಿರುವುದಾಗಿ ಗಂಭೀರವಾಗಿ ವಿವರಿಸಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, “ಅಂದ್ರೆ ಇನ್ಮೇಲೆ ನಮಗೂ ಕಾಣಿಸಲ್ವಾ?” ಎಂದಳು.

ಅಷ್ಟಕ್ಕೂ ಎಚ್ಚರವಾಗದೆ, ಯಂತ್ರವು ತನ್ನ ಸ್ಥಿತಿಗತಿಯನ್ನು ತಾನಾಗಿಯೇ ಮೈಕ್ರೋಸಾಫ್ಟ್‌ಗೆ ವರದಿ ಮಾಡುವ ಟೆಲಿಮೆಟ್ರಿಯ ಬೆನ್ನು ಹತ್ತಿದೆ. ವಿಂಡೋಸ್‌ನ ಹೋಮ್ ಆವೃತ್ತಿಯಲ್ಲಿ ಈ ವರದಿಯಲ್ಲಿನ ಐಚ್ಛಿಕ ಡಯಾಗ್ನೋಸ್ಟಿಕ್ ಮಾಹಿತಿಯನ್ನು ತಡೆಯಬಹುದೇ ಹೊರತು, ‘ಅಗತ್ಯ’ ಎನ್ನಿಸಿಕೊಂಡದ್ದನ್ನು ಆಫ್ ಮಾಡುವ ಗುಂಡಿ ಸೆಟ್ಟಿಂಗ್ಸ್‌ನಲ್ಲಿ ಇಲ್ಲ. ಆದ್ದರಿಂದ ಯಾವ ವಿಳಾಸ ಎಲ್ಲಿಗೆ ಹೋಗಬೇಕೆಂದು ಯಂತ್ರಕ್ಕೆ ಹೇಳುವ ಹೋಸ್ಟ್ಸ್ ಫೈಲನ್ನು ತೆರೆದು, ಆ ಮಾಹಿತಿ ಹೋಗುವ ವಿಳಾಸಗಳನ್ನೆಲ್ಲ 0.0.0.0 ಎಂಬ ಶೂನ್ಯಕ್ಕೆ ತಿರುಗಿಸಿ ನೆಮ್ಮದಿಯಾಗಿ ಮಲಗಿದೆ. ಇಂಥ ತಿದ್ದುಪಡಿಯನ್ನು ವಿಂಡೋಸ್‌ನದೇ ಕಾವಲುಗಾರ ಡಿಫೆಂಡರ್ 2020ರಿಂದ ಅಪಾಯವೆಂದೇ ಗುರುತಿಸುತ್ತದೆಂಬುದು ತಿಳಿದದ್ದು, ಹೋಸ್ಟ್ಸ್ ಫೈಲ್ ಹೈಜಾಕ್ ಆಗಿದೆ ಎಂಬ ಎಚ್ಚರಿಕೆ ಮರುದಿನ ಬೆಳಿಗ್ಗೆ ಪರದೆಯ ಮೇಲೆ ಬಂದಾಗ. ಹೈಜಾಕ್ ಮಾಡಿದವನು ಪೈಜಾಮದಲ್ಲಿ ಕಾಫಿ ಹಿಡಿದು ಅದರ ಎದುರಿಗೇ ಕುಳಿತಿದ್ದ.

ಕೊನೆಗೆ ಮತ್ತೊಂದು ಪವರ್‌ಶೆಲ್ ಆಜ್ಞೆಯಿಂದ ಸ್ಟೋರ್, ಕ್ಯಾಲ್ಕುಲೇಟರ್, ಫೋಟೋಸ್ ಮರಳಿದವು. ಕಳಿಸುವಾಗ ತೋರದ ಭೇದವನ್ನು ಕರೆತರುವಾಗಲೂ ತೋರದ ಕಾರಣ ಎರಡು ಆಟಗಳೂ ನಾಲ್ಕು ಅಸಿಸ್ಟೆಂಟ್‌ಗಳೂ ಅವುಗಳ ಜೊತೆಗೇ ಬಂದವು. ಅವನ್ನು ಒಂದೊಂದಾಗಿ ಅನ್‌ಇನ್‌ಸ್ಟಾಲ್ ಮಾಡಿದೆ. ಸರಿಯಾಗಿ ಹತ್ತು ನಿಮಿಷ ಹಿಡಿಯಿತು. ಖಾಲಿ ಜಾಗ ಮತ್ತೆ 42.1ಕ್ಕೆ ಬಂತು.

ಇಷ್ಟೆಲ್ಲ ಆದ ಮೇಲೆ, ಹೊರಗೆ ಹೋಗುತ್ತಿರುವುದಾದರೂ ಏನೆಂದು ನೋಡಬೇಕೆನ್ನಿಸಿತು. ಅದಕ್ಕೆಂದೇ 2018ರಲ್ಲಿ ಬಂದ ಡಯಾಗ್ನೋಸ್ಟಿಕ್ ಡೇಟಾ ವ್ಯೂವರ್ ಇದೆ. ಅದನ್ನು ಆನ್ ಮಾಡುವಲ್ಲಿ, ಇದಕ್ಕೆ 1 ಜಿಬಿಯವರೆಗೆ ಜಾಗ ಬೇಕಾಗುತ್ತದೆ ಎಂಬ ಸೂಚನೆಯಿತ್ತು. ಮೂಗಿಗಿಂತ ಮೂಗುತಿ ಭಾರವೆನ್ನಿಸಿದರೂ ಒಪ್ಪಿದೆ. ನನ್ನ ಗುಟ್ಟುಗಳನ್ನು ಹುಡುಕುತ್ತ ಹೋದರೆ, ಆವರಣ ಚಿಹ್ನೆಗಳ ಕಾಡಿನಲ್ಲಿ ಯಂತ್ರದ ಮಾದರಿ, ಆವೃತ್ತಿಗಳು, ವೇಳೆಗಳು. ಒಂದು ಸಾಲೂ ಅರ್ಥವಾಗಲಿಲ್ಲ. ವ್ಯೂವರನ್ನು ಮುಚ್ಚಿ, ಮರಳಿ ಬಂದ ಕ್ಯಾಲ್ಕುಲೇಟರಿನಲ್ಲಿ ಬಾಕಿ ಉಳಿದಿದ್ದ ಲೆಕ್ಕವನ್ನು ಮುಗಿಸಿದೆ: 42.1ರಲ್ಲಿ 41.3 ಕಳೆದು, ಅದರಲ್ಲಿ ಮತ್ತೆ 1 ಕಳೆದರೆ, ಮೈನಸ್ 0.2.